ಚಿಕ್ಕಪ್ಪನ ಮೇಜಿನ ಊರು

“ನಾಳಿದ್ದು ಆಯುಧಪೂಜೆ. ಅಷ್ಟರೊಳಗೆ ಈ ಮೇಜು ಚೊಕ್ಕಟ ಆಗ್ಬೇಕು. ಇಲ್ಲಾಂದ್ರೆ ಮೇಜೇ ಮನೆಯಿಂದಾಚೆ ಹೋಗುತ್ತೆ, ನೋಡ್ತಿರು,” ಅಂದರು ಅಮ್ಮಣ್ಣಿಯಜ್ಜಿ. ಕೈಯಲ್ಲಿ ಪೊರಕೆ, ಸೆರಗು ಸೊಂಟಕ್ಕೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡರು ಅಂದರೆ ಹೇಳಿದ್ದನ್ನು ಮಾಡಿಯೇ ತೀರುತ್ತಾರೆ.

ಚೂಡಾಮಣಿ ಬೆಚ್ಚಿಬಿದ್ದಳು. ಅಜ್ಜಿ ಬಂದಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಮೇಜಿನ ಅಂಚಿಗೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಲ್ಲಿ ಅವಳು ಊರು ನೋಡುತ್ತಿದ್ದಳು.

ಯಾವ ಊರು ಅಂತ ಕೇಳಿದಿರಾ? ಮೇಜಿನ ಮೇಲಿನ ಊರು. ಅದನ್ನು ಹೇಳುವ ಮೊದಲು ಮೇಜು ಯಾರದು ಅಂತ ಹೇಳಬೇಕು.

ಜಯನಗರದ ಟಿ ಬ್ಲಾಕಿನ ಆ ಮನೆಗೆ ಹಿತ್ತಲ ಕಡೆ ಒಂದು ವರಾಂಡ ಇತ್ತು. ಅದರ ಒಂದು ಮೂಲೆಯಲ್ಲಿ ಅಜ್ಜಿಯ ಒರಳುಕಲ್ಲು, ಇನ್ನೊಂದು ಮೂಲೆಯಲ್ಲಿ ವೆಂಕಟಾಚಲ ಚಿಕ್ಕಪ್ಪನ ಮೇಜು. ಚಿಕ್ಕಪ್ಪ ಹಗಲೆಲ್ಲಾ ಒಂದು ಆಫೀಸಿನಲ್ಲಿ ಗುಮಾಸ್ತ. ಸಾಯಂಕಾಲ ಮನೆಗೆ ಬಂದು, ಕಾಫಿ ಕುಡಿದು, ಆ ಮೇಜಿನ ಮುಂದೆ ಕೂತನೆಂದರೆ ವಿಮಾನ ಕಟ್ಟುವವನು. ನಿಜವಾದ ವಿಮಾನವಲ್ಲ, ಮಾಡಲ್. ಬಾಲ್ಸಾ ಅನ್ನುವ ತೀರಾ ಹಗುರವಾದ ಮರವನ್ನು ತೆಳ್ಳಗೆ ಕೊಯ್ದು, ಕಡ್ಡಿಗೆ ಕಡ್ಡಿ ಅಂಟಿಸಿ, ಮೇಲೆ ಟಿಶ್ಯೂ ಪೇಪರ್ ಹೊದಿಸಿ ಮಾಡುವ ಗ್ಲೈಡರ್. ಅದಕ್ಕೆ ಎಂಜಿನ್ ಗಿಂಜಿನ್ ಇಲ್ಲ. ಎತ್ತರದಲ್ಲಿ ನಿಂತು ಮೆಲ್ಲಗೆ ಬಿಟ್ಟರೆ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತದೆ.

ಆ ಮೇಜಿನ ಮೇಲೆ ಏನುಂಟು ಏನಿಲ್ಲ! ಮರದ ಹೊಟ್ಟು, ಮರಳುಕಾಗದದ ತುಂಡುಗಳು, ಅಂಟಿನ ಡಬ್ಬಿ, ದಾರದ ಉಂಡೆ, ಹಲ್ಲು ಮುರಿದ ಬಾಚಣಿಗೆ, ಐಸ್‌ಕ್ಯಾಂಡಿ ಕಡ್ಡಿ, ತೆಂಗಿನ ಚಿಪ್ಪಿನಲ್ಲಿ ಬ್ಲೇಡುಗಳು. ಅಜ್ಜಿಗೆ ಅದು ಕಸದ ತೊಟ್ಟಿ. ಆದರೆ ಗಲ್ಲ ಊರಿ ಒಂದು ಕಣ್ಣು ಮುಚ್ಚಿದರೆ ಚೂಡಾಮಣಿಗೆ ಅಲ್ಲೊಂದು ಊರೇ ಕಾಣುತ್ತಿತ್ತು. ಹೊಟ್ಟಿನ ಗುಡ್ಡೆಗಳು ಬೆಟ್ಟವಾಗುತ್ತಿದ್ದವು. ಚೆಲ್ಲಿ ಒಣಗಿದ ಅಂಟು ಕೆರೆ. ಅದರ ದಡದಲ್ಲಿ ಅಂಟಿನ ಡಬ್ಬಿ, ನೀರಿನ ಟ್ಯಾಂಕು. ಮುರಿದ ಬಾಚಣಿಗೆ ಊರಿನ ಗೇಟು. ದಾರ ಬಿಚ್ಚಿಕೊಂಡು ಹೋದ ಕಡೆ ಕನಕಪುರದ ರಸ್ತೆ. ಅಂಟಿಗೆ ಮಾಗಿದ ಬಾಳೆಹಣ್ಣಿನ ವಾಸನೆ ಇತ್ತು, ಹಾಗಾಗಿ ಊರಿನ ತುಂಬ ಬಾಳೆತೋಟ. ಆ ಬೀದಿಗಳಲ್ಲಿ ಅಲೆಯುತ್ತ ಅಲೆಯುತ್ತ ಎಷ್ಟೋ ಸಾಯಂಕಾಲ ಅವಳು ನಿಂತಲ್ಲೇ ತೂಕಡಿಸಿದ್ದುಂಟು. ಈ ಊರಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

ಈ ಸಲದ ವಿಮಾನಕ್ಕೆ ಒಂದು ವಿಶೇಷವಿತ್ತು. ವಿಜಯದಶಮಿಯ ದಿನ ಸಾರಕ್ಕಿ ಕೆರೆ ಏರಿಯ ಮೇಲಿಂದ ಅದನ್ನು ಬಿಡುವವಳು ಚೂಡಾಮಣಿ. ಗಣೇಶನ ಹಬ್ಬದಲ್ಲೇ ಚಿಕ್ಕಪ್ಪ ಮಾತು ಕೊಟ್ಟಿದ್ದ. ಅಂದಿನಿಂದ ಅವಳು ಸ್ನಾನ ಮಾಡುವಾಗಲೂ ಕೈ ಮುಂದಕ್ಕೆ ನೀಡಿ ವಿಮಾನ ಬಿಡುತ್ತಿದ್ದಳು.

ಈಗ ಅಜ್ಜಿ ನೋಡಿದರೆ ಮೇಜನ್ನೇ ಆಚೆ ಹಾಕುವ ಮಾತಾಡುತ್ತಿದ್ದಾರೆ. ಆಯುಧಪೂಜೆಗೆ ಮನೆಯಲ್ಲಿರುವ ಕತ್ತಿ, ಈಳಿಗೆಮಣೆ, ಸೈಕಲ್ಲು, ಹೊಲಿಗೆ ಮಿಷನ್ನು ಎಲ್ಲವನ್ನೂ ತೊಳೆದು ಒರೆಸಿ ಕುಂಕುಮ ಇಡಬೇಕು. ಕೊಳಕು ಮೇಜಿಗೆ ತಾನು ಕುಂಕುಮ ಇಡುವುದಿಲ್ಲ, ಕುಂಕುಮ ಇಲ್ಲದ ಆಯುಧ ಮನೆಯಲ್ಲಿ ಇರಕೂಡದು ಅಂತ ಅಜ್ಜಿಯ ವಾದ. ಸುಮ್ಮನೆ ಹೆದರಿಸುವ ಪೈಕಿ ಅಲ್ಲ ಅವರು. ಹೋದ ವರ್ಷ ಚಿಕ್ಕಪ್ಪನ ಹಳೇ ರೇಡಿಯೋವನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಸ್ಟೀಲ್ ಡಬರಿ ತೆಗೆದುಕೊಂಡಿದ್ದರು.

“ನಾನೇ ಕ್ಲೀನ್ ಮಾಡ್ತೀನಿ ಅಜ್ಜಿ, ನೀನು ಮುಟ್ಬೇಡ,” ಅಂದಳು ಚೂಡಾಮಣಿ. ಅಜ್ಜಿ ಪೊರಕೆಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದರು.

ದಸರಾ ರಜ, ಮಧ್ಯಾಹ್ನ, ಮನೆಯೆಲ್ಲಾ ಮಂಪರು. ಚೂಡಾಮಣಿ ಸಖತ್ತಾಗಿಯೇ ಕೆಲಸ ಮಾಡಿದಳು. ಬ್ಲೇಡುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿದಳು. ಮರಳುಕಾಗದಗಳನ್ನು ದೊಡ್ಡದು ಚಿಕ್ಕದು ಅಂತ ಜೋಡಿಸಿ ಪೇಪರ್ ಕಟ್ಟಿನ ಕೆಳಗಿಟ್ಟಳು. ಹೊಟ್ಟು ಗುಡಿಸಿದಳು. ಮುರಿದ ಬಾಚಣಿಗೆ, ಐಸ್‌ಕ್ಯಾಂಡಿ ಕಡ್ಡಿ, ತೆಂಗಿನ ಚಿಪ್ಪು ಕಸದ ಬುಟ್ಟಿಗೆ ಹೋದವು. ಬೆಟ್ಟ ಹೋಯಿತು, ಗೇಟು ಹೋಯಿತು. ಸ್ವಲ್ಪ ಬೇಜಾರಾಯಿತು. ಆದರೂ ಮೇಜು ಉಳಿಯುತ್ತದಲ್ಲ ಅಂತ ಸಮಾಧಾನ ಮಾಡಿಕೊಂಡಳು.

ಕೊನೆಗೆ ಉಳಿದದ್ದು ನಡುವಿನ ಹಲಗೆ. ಅದರ ಮೇಲೆ ಚಿಕ್ಕಪ್ಪ ಬರೆದ ನಕ್ಷೆ, ನಕ್ಷೆಯ ಮೇಲೆ ಕಾಗದ ಹೊದಿಸುವುದೊಂದೇ ಬಾಕಿ ಇದ್ದ ರೆಕ್ಕೆ. ರೆಕ್ಕೆಯ ಸುತ್ತ ಸಾಲಾಗಿ ಗುಂಡುಸೂಜಿಗಳು. ಹಲಗೆಯ ತುಂಬ ಅಂಟು, ಧೂಳು. ಅದನ್ನು ಒರೆಸಬೇಕಾದರೆ ರೆಕ್ಕೆ ಎತ್ತಬೇಕು, ರೆಕ್ಕೆ ಎತ್ತಬೇಕಾದರೆ ಸೂಜಿ ಕೀಳಬೇಕು. ಅವಳು ಒಂದೊಂದಾಗಿ ಕಿತ್ತು ಒಂದು ಬಾಟ್ಲಿಗೆ ಹಾಕಿದಳು. ರೆಕ್ಕೆಯ ಸಂದುಗಳಲ್ಲಿ ಅಂಟು ಇನ್ನೂ ಮೆತ್ತಗಿತ್ತು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ, ಚಿಕ್ಕಪ್ಪನಿಗೆ ಖುಷಿಯಾಗುತ್ತದೆ ಅಂದುಕೊಂಡು, ಅದನ್ನು ಹುಷಾರಾಗಿ ಮೊರದಲ್ಲಿಟ್ಟು ತಾರಸಿಗೆ ಒಯ್ದಳು. ಬೇಸಗೆಯಲ್ಲಿ ಅಜ್ಜಿಯ ಜೊತೆ ಹಪ್ಪಳ ಒಣಗಿಸಿದ ಹುಡುಗಿ. ಒಣಗುವಾಗ ಹಪ್ಪಳದ ಅಂಚು ಮೇಲಕ್ಕೆ ಏಳುತ್ತದೆ ಅನ್ನುವುದು ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ.

ಸಾಯಂಕಾಲ ಚಿಕ್ಕಪ್ಪ ಬಂದ. ಕಾಫಿ ಲೋಟ ಹಿಡಿದು ವರಾಂಡಕ್ಕೆ ಕಾಲಿಟ್ಟವನು ಬಾಗಿಲಲ್ಲೇ ನಿಂತ. ಮೇಜು ಫಳಫಳ ಅನ್ನುತ್ತಿತ್ತು.

“ಎಲ್ಲಾ ಮಗೂನೇ ಮಾಡಿದ್ದು. ಹತ್ತು ವರ್ಷದ ಹುಡುಗಿಗೆ ಇರೋ ಬುದ್ಧಿ ನಿನಗಿಲ್ಲ,” ಅಂದರು ಅಜ್ಜಿ ಒಳಗಿಂದಲೇ.

ಚಿಕ್ಕಪ್ಪ ನಕ್ಕ. ಆದರೆ ನಗು ಕಣ್ಣಿನ ತನಕ ಬರಲಿಲ್ಲ. ಅವನು ಸ್ಟೂಲಿನ ಮೇಲೆ ಕೂತ. ಅವನ ಎಡಗೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಚೂಡಾಮಣಿಗೆ ಆ ಕೈ ಚೆನ್ನಾಗಿ ಗೊತ್ತು. ದಿನಾ ಕೆಲಸ ಮಾಡುವಾಗ ಚಿಕ್ಕಪ್ಪನ ಕಣ್ಣು ರೆಕ್ಕೆಯ ಮೇಲಿರುತ್ತಿತ್ತು, ಕೈ ಮಾತ್ರ ನೋಡದೆಯೇ ಅತ್ತ ಹೋಗಿ ಬ್ಲೇಡು ತರುತ್ತಿತ್ತು, ಇತ್ತ ಹೋಗಿ ಅಂಟು ತರುತ್ತಿತ್ತು. ಒಂದು ಸಲವೂ ತಪ್ಪುತ್ತಿರಲಿಲ್ಲ. ಇವತ್ತು ಆ ಕೈ ಅತ್ತ ಹೋಗಿ, ಬರಿಯ ಹಲಗೆಯನ್ನು ಸವರಿ, ಖಾಲಿ ವಾಪಸು ಬಂತು.

“ರೆಕ್ಕೆ ಎಲ್ಲಮ್ಮಾ?” ಅಂದ ಚಿಕ್ಕಪ್ಪ.

ಅವಳು ಒಂದೇ ಉಸಿರಿಗೆ ತಾರಸಿಗೆ ಓಡಿ ಮೊರ ತಂದಳು. ರೆಕ್ಕೆಯ ಒಂದು ತುದಿ ಮೇಲಕ್ಕೆ ತಿರುಚಿಕೊಂಡು ಎದ್ದಿತ್ತು. ಮೇಜಿನ ಮೇಲಿಟ್ಟರೆ ನೆಟ್ಟಗೆ ಕೂರದೆ ಟಕ್ ಟಕ್ ಅಂತ ಅಲ್ಲಾಡಿತು. ಎರಡು ಕಡ್ಡಿ ಸಂದು ಬಿಟ್ಟಿದ್ದವು.

ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ, “ಅಂಟು ಒಣಗೋವರೆಗೂ ಸೂಜಿ ತೆಗೀಬಾರ್ದು ಚೂಡಾ. ಅದು ಪೂರ್ತಿ ಹಿಡ್ಕೊಳೋ ತನಕ ಸೂಜಿಗಳೇ ರೆಕ್ಕೇನ ಹಿಡ್ಕೊಂಡಿರ್ತವೆ,” ಅಂದ.

“ವಿಜಯದಶಮಿಗೆ ಆಗುತ್ತಾ?” ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

“ಈ ಸಲ ಆಗಲ್ಲ ಅನ್ಸುತ್ತೆ. ಇರ್ಲಿ ಬಿಡು, ನೀನೇನು ಬೇಕೂಂತ ಮಾಡ್ಲಿಲ್ಲವಲ್ಲ.”

ರೆಕ್ಕೆಯನ್ನು ಗೋಡೆಯ ಮೊಳೆಗೆ ತಗುಲಿಹಾಕಿ ಅವನು ಒಳಗೆ ಹೋಗಿ ಪೇಪರ್ ಹಿಡಿದು ಕೂತ. ಬೆಳಿಗ್ಗೆ ಓದಿ ಮುಗಿಸಿದ್ದ ಪೇಪರ್ರೇ ಅದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಚೂಡಾಮಣಿಗೆ. ಬೈದರೆ ಅತ್ತು ಮುಗಿಸಬಹುದು. ಅವಳು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮಾರನೆಯ ದಿನ ಚಿಕ್ಕಪ್ಪ ಆಫೀಸಿಗೆ ಹೋದ ಮೇಲೆ ಚೂಡಾಮಣಿ ವರಾಂಡಕ್ಕೆ ಬಂದಳು. ಗಲ್ಲ ಊರಿ ಒಂದು ಕಣ್ಣು ಮುಚ್ಚಿದಳು. ಊರು ಕಾಣಲಿಲ್ಲ. ಮನೆ ಕಟ್ಟದ ಸೈಟಿನ ಹಾಗೆ ಮೇಜು ಬರಿದಾಗಿ ಬಿದ್ದಿತ್ತು. ಒಣಗಿದ ಅಂಟಿನ ಕಲೆಯೊಂದು ಮಾತ್ರ ಎಷ್ಟು ಉಜ್ಜಿದರೂ ಹೋಗದೆ ಉಳಿದಿತ್ತು.

ಕೆರೆ, ಅಂದುಕೊಂಡಳು. ಕೆರೆ ಇದ್ದಲ್ಲೇ ಇದೆ.

ಕೆರೆ ಇಲ್ಲಿದ್ದರೆ ಅದರ ದಡದಲ್ಲಿ ನೀರಿನ ಟ್ಯಾಂಕು. ಅವಳು ಅಂಟಿನ ಡಬ್ಬಿಯನ್ನು ತಂದು ಕಲೆಯ ಪಕ್ಕ ಇಟ್ಟಳು. ಟ್ಯಾಂಕಿನಿಂದ ಇಳಿದರೆ ಬೆಟ್ಟ. ಬೆಟ್ಟದ ಹಿಂದೆ ಗುಹೆ. ಗುಹೆ ಅಂದರೆ ತೆಂಗಿನ ಚಿಪ್ಪು, ಅದರಲ್ಲಿ ಬ್ಲೇಡು. ಅವಳು ಹಿತ್ತಲಿಗೆ ಓಡಿದಳು. ಪುಣ್ಯಕ್ಕೆ ಕಸದ ಬುಟ್ಟಿಯನ್ನು ಇನ್ನೂ ಯಾರೂ ಬೀದಿಯ ತೊಟ್ಟಿಗೆ ಸುರಿದಿರಲಿಲ್ಲ. ಚಿಪ್ಪು ಸಿಕ್ಕಿತು, ಐಸ್‌ಕ್ಯಾಂಡಿ ಕಡ್ಡಿ ಸಿಕ್ಕಿತು, ಹೀರೇಕಾಯಿ ಸಿಪ್ಪೆಯ ಕೆಳಗೆ ಬಾಚಣಿಗೆಯೂ ಸಿಕ್ಕಿತು. ಆ ಬಾಚಣಿಗೆ ಚಿಕ್ಕಪ್ಪನಿಗೆ ಯಾತಕ್ಕೆ ಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೆ ಊರಿನ ಗೇಟು ಎಲ್ಲಿತ್ತು ಅಂತ ಚೆನ್ನಾಗಿ ಗೊತ್ತಿತ್ತು. ಬೀದಿಯಿಂದ ಬೀದಿಗೆ ನಡೆದುಕೊಂಡು, ನಡುನಡುವೆ ಕಣ್ಣು ಮುಚ್ಚಿ ನೋಡಿಕೊಂಡು, ಅವಳು ಒಂದೊಂದನ್ನೇ ಅದರದರ ಜಾಗಕ್ಕೆ ತಂದಳು. ಊಟಕ್ಕೆ ಕರೆದದ್ದು ಅವಳಿಗೆ ಕೇಳಿಸಲೇ ಇಲ್ಲ.

ಕರೆದು ಕರೆದು ಸಾಕಾಗಿ ಅಜ್ಜಿಯೇ ಬಂದರು. ಮೇಜು ನೋಡಿ ಅವರ ಕೈ ಸೊಂಟಕ್ಕೆ ಹೋಯಿತು.

“ನಿನ್ನೆ ತಾನೇ ಒಪ್ಪವಾಗಿ ಇಟ್ಟಿದ್ಯಲ್ಲೇ. ಮತ್ತೆ ಅದೇ ಗಲೀಜಾ?”

ಚೂಡಾಮಣಿ ಮೇಜಿಗೆ ಅಡ್ಡ ನಿಂತಳು. ಅವಳಿಗೆ ಭಯವಾಗಿತ್ತು. ಆದರೂ ಹೇಳಿದಳು: “ಅಜ್ಜಿ, ಬೇಸಗೇಲಿ ಗೋವಿಂದಮ್ಮತ್ತೆ ಬಂದಾಗ ನಿನ್ನ ಅಡಿಗೆಮನೆ ಶೆಲ್ಫ್ ಜೋಡಿಸಿಟ್ಟು ಹೋದ್ರಲ್ಲ, ಆವಾಗ ನಿನಗೆ ಹೇಗಾಯ್ತು?”

ಆ ಕತೆ ಮನೆಯವರಿಗೆಲ್ಲ ಗೊತ್ತು. ಅಜ್ಜಿ ಒಲೆಯ ಮುಂದೆ ನಿಂತು ಕೈ ಚಾಚಿದರೆ ಸಾಸಿವೆ ಸಿಗಬೇಕು, ಇನ್ನೊಂದು ಕೈ ಚಾಚಿದರೆ ಇಂಗು. ಮಗಳು ಗೋವಿಂದಮ್ಮ ಪ್ರೀತಿಯಿಂದ ಡಬ್ಬಿಗಳನ್ನು ತೊಳೆದು ಎತ್ತರದ ಪ್ರಕಾರ ಜೋಡಿಸಿಟ್ಟು ಊರಿಗೆ ಹೋದಳು. ಆ ವಾರವೆಲ್ಲ ಹುಳಿಗೆ ಸಕ್ಕರೆ, ಪಾಯಸಕ್ಕೆ ಉಪ್ಪು. ಅಜ್ಜಿ ಒಂದು ದಿನ ಒಲೆಯ ಮುಂದೆ ಕೂತು ಅತ್ತೂ ಬಿಟ್ಟಿದ್ದರು. ಅದನ್ನು ನೋಡಿದವಳು ಚೂಡಾಮಣಿ ಒಬ್ಬಳೇ.

ಅಜ್ಜಿ ತಿರುಗಿ ಒಳಗೆ ಹೋದರು. ಮುಗಿಯಿತು, ಪಾತ್ರೆಯವಳನ್ನು ಕರೆಯುತ್ತಾರೆ ಅಂದುಕೊಂಡಳು ಅವಳು. ಅಜ್ಜಿ ವಾಪಸು ಬಂದಾಗ ಅವರ ಕೈಯಲ್ಲಿ ಹಿಂಡಿದ ಒದ್ದೆ ಬಟ್ಟೆ ಇತ್ತು.

“ಧೂಳನ್ನಾದ್ರೂ ಒರೆಸು. ಎತ್ತು, ಒರೆಸು, ಅಲ್ಲೇ ಇಡು. ಹಾಗಾದ್ರೆ ಕುಂಕುಮ ಇಡ್ತೀನಿ,” ಅಂದರು.

ಆ ಸಾಯಂಕಾಲ ಚಿಕ್ಕಪ್ಪ ವರಾಂಡದ ಕಡೆ ಬರುವ ಹಾಗೆ ಕಾಣಲಿಲ್ಲ. ಅಜ್ಜಿ ಅವನ ಕಾಫಿಯನ್ನು ಬೇಕಂತಲೇ ಮೇಜಿನ ಹತ್ತಿರ ಇಟ್ಟು ಬಂದರು. ಕಾಫಿಗಾಗಿ ಬಂದವನು ಸ್ಟೂಲಿನ ಮೇಲೆ ಕೂತ. ಬಾಗಿಲ ಸಂದಿಯಲ್ಲಿ ಚೂಡಾಮಣಿ ನಿಂತು ನೋಡುತ್ತಿದ್ದಳು.

ಚಿಕ್ಕಪ್ಪ ಒಂದು ಗುಟುಕು ಕುಡಿದ. ಎಲ್ಲೋ ನೋಡುತ್ತ, ಏನೋ ಯೋಚಿಸುತ್ತ, ಎಡಗೈ ಚಾಚಿದ. ಕೈ ಚಿಪ್ಪಿನೊಳಗೆ ಇಳಿದು ಬ್ಲೇಡು ಹಿಡಿದು ಬಂತು. ಅವನು ಬ್ಲೇಡು ನೋಡಿದ. ಆಮೇಲೆ ನೋಡದೆ ಬಲಗೈ ಚಾಚಿದ. ಅಂಟಿನ ಡಬ್ಬಿ ಬಂತು. ಆಮೇಲೆ ಬಾಚಣಿಗೆ ಇದ್ದ ಕಡೆಗೆ ಕೈ ಹಾಕಿ, ಅದನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿದ.

“ಚೂಡಾ, ಬಾ ಇಲ್ಲಿ. ಇದೆಲ್ಲಾ ಎಲ್ಲೆಲ್ಲಿತ್ತು ಅಂತ ನಿನಗೆ ಹೇಗೆ ಗೊತ್ತಾಯ್ತು?”

ಅವಳಿಗೆ ನಾಚಿಕೆಯಾಯಿತು. ಆದರೂ ಊರಿನ ವಿಷಯ ಹೇಳಿದಳು. ಕೆರೆ, ಟ್ಯಾಂಕು, ಗುಹೆ, ಕನಕಪುರದ ರಸ್ತೆ, ಎಲ್ಲ. ಚಿಕ್ಕಪ್ಪ ನಗಲಿಲ್ಲ. ತಾನೂ ಬಗ್ಗಿ ಮೇಜಿಗೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ ನೋಡಿದ. ಹಿತ್ತಲ ಬಿಸಿಲು ಇಳಿದು ಮೇಜಿನ ಮೇಲೆ ಉದ್ದಕ್ಕೆ ಬಿದ್ದಿತ್ತು.

“ಬಸ್ ಸ್ಟ್ಯಾಂಡ್ ಇಲ್ಲವಲ್ಲ ನಿಮ್ಮೂರಲ್ಲಿ,” ಅಂದ ಚಿಕ್ಕಪ್ಪ.

“ವಿಮಾನ ಇದೆಯಲ್ಲ, ಸಾಕು.”

ಚಿಕ್ಕಪ್ಪ ಎದ್ದು ಮೊಳೆಯಿಂದ ರೆಕ್ಕೆ ತೆಗೆದ. ತಿರುಚಿದ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿದ. ಆಮೇಲೆ ಅಡಿಗೆಮನೆಗೆ ಹೋಗಿ ಅಜ್ಜಿಯನ್ನು ಇಡ್ಲಿ ಪಾತ್ರೆ ಕೇಳಿದ. ಹಬ್ಬದ ಹಿಂದಿನ ದಿನ ಇಡ್ಲಿ ಪಾತ್ರೆಯ ಹತ್ತಿರ ಅಂಟು ತಂದರೆ ಕೈ ಮುರಿಯುತ್ತೇನೆ ಅಂತ ಅಜ್ಜಿ ಗದರಿದರು. ಗದರುತ್ತಲೇ ಪಾತ್ರೆಗೆ ನೀರು ಹಾಕಿ ಸ್ಟವ್ ಹಚ್ಚಿದರು.

ಹಬೆ ಎದ್ದಾಗ ಮುಚ್ಚಳವನ್ನು ಅಜ್ಜಿಯೇ ಓರೆಯಾಗಿ ಹಿಡಿದರು. ಚಿಕ್ಕಪ್ಪ ರೆಕ್ಕೆಯ ತುದಿಯನ್ನು ಹಬೆಗೆ ತೋರಿಸಿ ಮೆಲ್ಲಗೆ ಬಗ್ಗಿಸಿದ, ಮತ್ತೆ ತೋರಿಸಿದ, ಮತ್ತೆ ಬಗ್ಗಿಸಿದ. ಅಡಿಗೆಮನೆಯೆಲ್ಲಾ ಬಿಳೀ ಮಂಜಾಯಿತು. ಆ ಮಂಜಿನಲ್ಲಿ ರೆಕ್ಕೆ ತೇಲುವುದನ್ನು ನೋಡುತ್ತ ಚೂಡಾಮಣಿ ತಾನು ಎಲ್ಲಿದ್ದೇನೆ ಅನ್ನುವುದನ್ನೇ ಮರೆತಳು. ಗಟ್ಟಿ ಮರ ಹಬೆಗೆ ಇಷ್ಟು ಮೆತ್ತಗಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ರೆಕ್ಕೆ ಮತ್ತೆ ಹಲಗೆಗೆ ಬಂತು. ಬಿಟ್ಟ ಸಂದುಗಳಿಗೆ ಚಿಕ್ಕಪ್ಪ ಅಂಟು ಹಾಕಿ, ಬಾಚಣಿಗೆಯ ಹಲ್ಲಿನಲ್ಲಿ ತೆಳ್ಳಗೆ ಎಳೆದ. ಓ, ಅದು ಅದಕ್ಕಾ, ಅಂದುಕೊಂಡಳು ಚೂಡಾಮಣಿ. ಅವನು ಕೇಳಿದ ಹಾಗೆಲ್ಲ ಬಾಟ್ಲಿಯಿಂದ ಗುಂಡುಸೂಜಿ ತೆಗೆದು ಕೊಟ್ಟಳು.

“ಈಗ ನಾಳಿದ್ದರ ತನಕ ಯಾರೂ ಇದನ್ನ ಮುಟ್ಟಬಾರ್ದು,” ಅಂದ ಚಿಕ್ಕಪ್ಪ.

“ನಾಳೆ ಆಯುಧಪೂಜೆ. ಪೂಜೆ ಆದ ಮೇಲೆ ಯಾರು ಮುಟ್ತಾರೆ? ಮುಟ್ಟೋಕೆ ನಾನು ಬಿಡ್ತೀನಾ?” ಅಂದರು ಅಜ್ಜಿ.

ಹಾಗೇ ಆಯಿತು. ಮಾರನೆಯ ದಿನ ಅಜ್ಜಿ ಬಟ್ಟಲು ಹಿಡಿದು ಬಂದು, ಮೇಜಿನ ನಾಲ್ಕು ಕಾಲಿಗೂ ಕುಂಕುಮ ಇಟ್ಟು, ಏನನ್ನೂ ಸರಿಸದೆ, ಕೆರೆಯ ದಡದಲ್ಲಿ ಒಂದು ಸೇವಂತಿಗೆ ಹೂವು ಇಟ್ಟರು. ಆ ದಿನವೆಲ್ಲ ಆಯುಧಗಳಿಗೆ ರಜ. ಈಳಿಗೆಮಣೆ ಮಲಗಿತ್ತು, ಸೈಕಲ್ಲು ಹಾರ ಹಾಕಿಕೊಂಡು ನಿಂತಿತ್ತು, ಹಲಗೆಯ ಮೇಲೆ ಸೂಜಿಗಳು ರೆಕ್ಕೆಯನ್ನು ಹಿಡಿದುಕೊಂಡಿದ್ದವು. ಚೂಡಾಮಣಿ ಎಷ್ಟೋ ಸಲ ಬಂದು ನೋಡಿದಳು, ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ವಿಜಯದಶಮಿಯ ಬೆಳಿಗ್ಗೆ ಚಿಕ್ಕಪ್ಪ ಸೂಜಿ ತೆಗೆದು ಕಾಗದ ಹೊದಿಸಿ, ಮೊದಲೇ ಮಾಡಿಟ್ಟಿದ್ದ ವಿಮಾನದ ಮೈಗೆ ರೆಕ್ಕೆ ಜೋಡಿಸಿದ. ಸಾಯಂಕಾಲ ಇಬ್ಬರೂ ಸೈಕಲ್ಲಿನಲ್ಲಿ ಹೊರಟರು. ಮುಂದಿನ ಕಂಬಿಯ ಮೇಲೆ ಚೂಡಾಮಣಿ, ಅವಳ ಎರಡು ಕೈಯಲ್ಲಿ ವಿಮಾನ. ಸೈಕಲ್ಲು ಇಳಿಜಾರಿನಲ್ಲಿ ಇಳಿದಾಗಲೆಲ್ಲ ಗಾಳಿ ತುಂಬಿ ರೆಕ್ಕೆ ಮೇಲಕ್ಕೆ ಎಳೆಯುತ್ತಿತ್ತು. ಇನ್ನೂ ಇಲ್ಲ, ಇನ್ನೂ ಇಲ್ಲ, ಅಂತ ಅವಳು ಅದಕ್ಕೆ ಪಿಸುಗುಟ್ಟಿದಳು.

ಸಾರಕ್ಕಿ ಕೆರೆ ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ರಾಗಿ ಹೊಲ. ಚಿಕ್ಕಪ್ಪ ಹೊಲದ ಕಡೆ ಇಳಿದು ದೂರ ಹೋಗಿ ನಿಂತು ಕೈ ಎತ್ತಿದ. ಚೂಡಾಮಣಿ ಕೈ ಮುಂದಕ್ಕೆ ನೀಡಿ ಬೆರಳು ಬಿಟ್ಟಳು.

ವಿಮಾನ ಒಂದು ಕ್ಷಣ ತಗ್ಗಿತು. ಆಮೇಲೆ ಗಾಳಿ ಅದನ್ನು ಎತ್ತಿಕೊಂಡಿತು. ಸದ್ದೇ ಇಲ್ಲದೆ ಅದು ರಾಗಿಯ ಮೇಲೆ ತೇಲಿತು. ಹಬೆಗೂ ಪೂರ್ತಿ ಬಗ್ಗದೆ ಉಳಿದ ಒಂಚೂರು ತಿರುಚಿನಿಂದ ಅದು ಎಡಕ್ಕೆ ವಾಲಿಕೊಂಡೇ ಹೋಯಿತು. ನೆಟ್ಟಗೆ ಹೋಗಲಿಲ್ಲ, ಚಿಕ್ಕಪ್ಪ ನಿಂತಲ್ಲಿಗೂ ಹೋಗಲಿಲ್ಲ. ಅದು ಹಾಗೆ ವಾಲಿದ್ದು ತನ್ನಿಂದ ಅಂತ ಅವಳಿಗೆ ಗೊತ್ತಿತ್ತು. ಸ್ವಲ್ಪ ನೋವಾಯಿತು. ಆದರೂ ಅದು ಹಾರುತ್ತಿತ್ತು. ಹೊಂಬಣ್ಣದ ಬಿಸಿಲಿನಲ್ಲಿ ಕಾಗದದ ಒಳಗಿನ ಕಡ್ಡಿಗಳೆಲ್ಲ ಕಾಣುತ್ತಿದ್ದವು, ಅವಳು ಸೂಜಿ ಕೊಟ್ಟ ಜಾಗಗಳೂ ಕಾಣುತ್ತಿದ್ದವು.

ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳ ಹತ್ತಿರವೇ ಅದು ಇಳಿಯಿತು. ಅವಳು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿ, “ಏನವ್ವಾ ಇದು, ಏನೂ ಇಲ್ದಂಗೈತೆ,” ಅಂದು ಓಡಿ ಬಂದ ಚೂಡಾಮಣಿಯ ಕೈಗೆ ಕೊಟ್ಟಳು.

ಅದಾಗಿ ಕೆಲವು ದಿನಕ್ಕೆ ಸ್ಕೂಲು ಶುರುವಾಯಿತು. ಒಂದು ಸಾಯಂಕಾಲ ಚೂಡಾಮಣಿ ವರಾಂಡಕ್ಕೆ ಬಂದಾಗ ಚಿಕ್ಕಪ್ಪ ಹೊಸ ರೆಕ್ಕೆಗೆ ಕೂತಿದ್ದ. ಬೆಟ್ಟಗಳು ಮತ್ತೆ ಬೆಳೆದಿದ್ದವು. ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಅವಳು ಪಕ್ಕದಲ್ಲಿ ನಿಂತು ಗಲ್ಲ ಊರಿದಳು.

ಒಂದು ಕಡ್ಡಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಕಣ್ಣು ಎತ್ತದೆ, ಚಿಕ್ಕಪ್ಪ ಎಡಗೈ ಚಾಚಿದ. ಸೂಜಿಯ ಬಾಟ್ಲಿ ಆ ಕಡೆ ಇರಲಿಲ್ಲ. ಅದು ಚೂಡಾಮಣಿಯ ಮುಂದಿತ್ತು. ಅವಳು ಒಂದು ಗುಂಡುಸೂಜಿ ತೆಗೆದು, ತುದಿ ಚುಚ್ಚದ ಹಾಗೆ, ಅವನ ಬೆರಳ ನಡುವೆ ಇಟ್ಟಳು.

ಕೈ ಅದನ್ನು ತೆಗೆದುಕೊಂಡು ಹೋಯಿತು. ಸೂಜಿ ಎಲ್ಲಿಂದ ಬಂತು ಅಂತ ಚಿಕ್ಕಪ್ಪ ತಿರುಗಿ ನೋಡಲಿಲ್ಲ. ಅವನು ನೋಡದೆ ಇದ್ದದ್ದಕ್ಕೇ ಅವಳಿಗೆ ತುಂಬ ಸಂತೋಷವಾಯಿತು. ಅವಳು ಇನ್ನೊಂದು ಸೂಜಿ ತೆಗೆದು ಹಿಡಿದುಕೊಂಡು ಆ ಕೈ ಮತ್ತೆ ಬರುವುದನ್ನು ಕಾಯುತ್ತ ನಿಂತಳು.